ಹಾಲಿಗೂ ಉಪ್ಪಿಗೂ ನಡುವಿನ ತಗಡು

ಸೀತನಿಯ ಐಸ್‌ಕ್ರೀಮನ್ನು ನಾನು ನಿಜಕ್ಕೂ ತಿಂದಿದ್ದೆನೇ ಎಂಬುದು ಈಗ ನನಗೆ ಖಾತ್ರಿಯಿಲ್ಲ. ಎಳೆಯ ಜೋಳದ ತೆನೆಯನ್ನು ಕೆಂಡದಲ್ಲಿ ಸುಟ್ಟು, ಕಾಳು ಉದುರಿಸಿ, ಅರೆದು, ಹಾಲಿಗೆ ಬೆರೆಸಿ ಗಟ್ಟಿ ಮಾಡಿದ್ದು. ನಾಲಿಗೆಯ ಮೇಲೆ ಮೊದಲು ತಂಪು, ಆಮೇಲೆ ಹೊಗೆ. ಹೊಗೆಯೂ ತಣ್ಣಗಿರಬಹುದು ಎಂದು ನನಗೆ ಗೊತ್ತಾದದ್ದು ಅಥಣಿ ರಸ್ತೆಯ ಆ ಅಂಗಡಿಯಲ್ಲಿ ಎಂದು ಇಷ್ಟು ವರ್ಷ ಎಲ್ಲರಿಗೂ ಹೇಳುತ್ತ ಬಂದಿದ್ದೇನೆ. ಮೊನ್ನೆ ವಿಜಾಪುರದಿಂದ ಬಂದ ಹಳೆಯ ಗೆಳೆಯ ಅದನ್ನು ಕೇಳಿ ನಕ್ಕ.

"ಸೀತನಿ? ಅಂಥಾದ್ದೇನೂ ಅಲ್ಲಿರಲಿಲ್ಲಪಾ. ಹುಣಸಿ ಚಿಗಳೀದು ಇತ್ತು, ಸೀತಾಫಲದ್ದು ಇತ್ತು, ಕುಸುಬಿ ಹಾಲಿಂದು ಇತ್ತು. ಸೀತನಿ ನೀ ಕಳ್ಳಕವಟಗಿ ಹೊಲದಾಗ ತಿಂದಿದ್ದಿ. ಅದನ್ನ ತಂದು ಕಾಕಾನ ಅಂಗಡ್ಯಾಗ ಇಟ್ಟೀದಿ."

ಇರಬಹುದು. ಅದೇ ಉಸಿರಿನಲ್ಲಿ ಅವನು, ಆ ಅಂಗಡಿ ನಡೆಸುತ್ತಿದ್ದ ಕಾಕಾ ಹೋದ ಚಳಿಗಾಲದಲ್ಲಿ ತೀರಿಕೊಂಡರೆಂದೂ ಹೇಳಿದ. ಅಂದಿನಿಂದ ಆ ಮನುಷ್ಯನ ಬಗ್ಗೆ ನನಗೆ ಖಚಿತವಾಗಿ ಗೊತ್ತಿರುವುದು ಎಷ್ಟು, ನಾನು ಸೇರಿಸಿಕೊಂಡದ್ದು ಎಷ್ಟು ಎಂದು ಬೇರೆ ಮಾಡಲು ನೋಡುತ್ತಿದ್ದೇನೆ. ಪೂರ್ತಿ ಬೇರೆಯಾಗುತ್ತಿಲ್ಲ.

ಎರಡನೆಯ ಮಹಾಯುದ್ಧ ನಡೆದಿದ್ದ ವರ್ಷಗಳು. ನಾನು ಪುಣೆಯಲ್ಲಿ ತರ್ಕಶಾಸ್ತ್ರ ಓದಿ, ಬಿ.ಎ. ಮುಗಿಸಿ, ಎಲ್ಲಿಗೆ ಹೋಗಬೇಕೆಂದು ತಿಳಿಯದೆ ನನ್ನ ಊರಾದ ವಿಜಾಪುರಕ್ಕೆ ಮರಳಿ ಬಂದಿದ್ದೆ. ಒಂದು ಹೈಸ್ಕೂಲಿನಲ್ಲಿ ತಾತ್ಕಾಲಿಕ ಮಾಸ್ತರಿಕೆ. ಸಂಜೆ ಮನೆಯಲ್ಲಿ ಕೂಡಲಾಗದೆ ಊರ ಹೊರಗೆ ನಡೆಯುತ್ತ ಹೋಗುತ್ತಿದ್ದೆ. ಅಥಣಿ ರಸ್ತೆಯಲ್ಲಿ ಮನೆಗಳು ಮುಗಿದು ಹೊಲ ಶುರುವಾಗುವಲ್ಲಿ ಒಂದು ತಗಡಿನ ಶೆಡ್ಡು ಇತ್ತು. ಒಳಗೆ ಬೆಂಚುಗಳು, ಮೂಲೆ ಒಡೆದ ಒಂದು ಬಿಳಿ ಅಮೃತಶಿಲೆಯ ಮೇಜು. ಆ ಮೇಜನ್ನು ಕಾಕಾ ಸೊಲ್ಲಾಪುರದಿಂದ ತಂದಿದ್ದರು. ಹತ್ತಿರದ ಟಿಕೋಟಾದ ಒಕ್ಕಲು ಮನೆತನದವರು. ಹರೆಯದಲ್ಲಿ ಮನೆ ಬಿಟ್ಟು ಸೊಲ್ಲಾಪುರದ ಇರಾಣಿ ಹೋಟೆಲೊಂದರಲ್ಲಿ ಕಪ್ಪು ತೊಳೆದು, ಆಮೇಲೆ ಅಲ್ಲಿಯೇ ಐಸ್‌ಕ್ರೀಮು ಮಾಡುವುದನ್ನು ಕಲಿತು ಬಂದವರು. ಹೋಟೆಲು ಬಿಡುವಾಗ ಸಂಬಳದ ಬದಲು ಮೇಜು ಕೇಳಿದೆ ಎನ್ನುತ್ತಿದ್ದರು. ಇನ್ನೊಮ್ಮೆ ಮಾಲಕನೇ ಪ್ರೀತಿಯಿಂದ ಕೊಟ್ಟ ಎಂದಿದ್ದರು. ಮೇಜಂತೂ ಇತ್ತು.

ಉದ್ದನೆಯ ಆಳು. ಕೊರಳಿಗೆ ಸದಾ ಒಂದು ಉಣ್ಣೆಯ ಮಫ್ಲರು, ವಿಜಾಪುರದ ಬೇಸಿಗೆಯಲ್ಲೂ. ಥಂಡಿ ಅವರಿಗೆ ಆಗುತ್ತಿರಲಿಲ್ಲ. ತಾವು ಮಾಡಿದ್ದನ್ನು ಅವರು ಒಂದು ಬಟ್ಟಲು ಪೂರ್ತಿ ತಿಂದದ್ದನ್ನು ನಾನು ನೋಡಿಲ್ಲ. ಬೆರಳಿಗೆ ಹತ್ತಿದಷ್ಟನ್ನೇ ನೆಕ್ಕಿ, ತಕ್ಷಣ ಬಿಸಿ ಚಹಾ ಕುಡಿಯುತ್ತಿದ್ದರು.

"ಮಂದೀಗೆ ಥಂಡಿ ತಿನ್ನಸ್ತೀರಿ, ನೀವ ಮಫ್ಲರ ಸುತ್ತೀರಿ," ಎಂದು ನಾನು ಕೆಣಕಿದರೆ, "ಕಟುಕ ತಾ ಕೊಯ್ದಿದ್ದೆಲ್ಲ ತಾನ ತಿಂತಾನೇನ್ರಿ ಬಿ.ಎ. ಸಾಹೇಬ್ರ?" ಎನ್ನುತ್ತಿದ್ದರು. ನನಗೆ ಆ ಹೆಸರನ್ನು ಮೊದಲ ದಿನವೇ ಇಟ್ಟಿದ್ದರು.

ಸಕ್ಕರೆಗೆ ಕಂಟ್ರೋಲು ಬಂದದ್ದರಿಂದ ಎಲ್ಲದಕ್ಕೂ ಬೆಲ್ಲ ಹಾಕುತ್ತಿದ್ದರು. ಹಾಗಾಗಿ ಯಾವ ಐಸ್‌ಕ್ರೀಮೂ ಬೆಳ್ಳಗಿರುತ್ತಿರಲಿಲ್ಲ. ಹೊಸ ಗಿರಾಕಿ ಬಟ್ಟಲು ನೋಡಿ, "ಇದೇನ್ರಿ, ಕೆಸರ?" ಎಂದರೆ, "ಕೆಸರಲ್ರಿ, ಸರಕಾರ," ಎಂದು ಗಂಭೀರವಾಗಿ ಹೇಳುತ್ತಿದ್ದರು. ಬಟ್ಟಲಿನಲ್ಲಿ ಏನಿದೆ ಎಂದು ಮಾತ್ರ ಹೇಳುತ್ತಿರಲಿಲ್ಲ. "ಹೆಸರ ಹೇಳಿದ್ರ ನೀವು ಹೆಸರ ತಿಂತೀರಿ. ಮೊದಲ ತಿನ್ರಿ, ಆಮ್ಯಾಲ ಜಗಳ ಮಾಡೂಣು." ಕೋರ್ಟಿನ ವಕೀಲರೊಬ್ಬರು ಹುಣಸೆಹಣ್ಣು ಬೆಲ್ಲ ಕುಟ್ಟಿದ ಚಿಗಳಿಯದನ್ನು ತಿಂದು, ಇದು ಮಾವಿನಹಣ್ಣೇ ಎಂದು ಅರ್ಧ ತಾಸು ವಾದಿಸಿದರು. ಕಾಕಾ ಕೊನೆಗೆ ಕೈ ಮುಗಿದು, "ನೀವಂದದ್ದ ಖರೆ," ಎಂದು ಕಳಿಸಿದರು. ವಕೀಲರು ಮರುದಿನ ಗೆಳೆಯರನ್ನು ಕರೆತಂದು ಅದೇ ಮಾವು ತಿನ್ನಿಸಿದರು. ನಾನು ಅಲ್ಲಿಯೇ ಇದ್ದೆ. ಅಥವಾ ಈ ಕಥೆಯನ್ನು ಕಾಕಾ ಎಷ್ಟು ಚೆನ್ನಾಗಿ ಹೇಳುತ್ತಿದ್ದರೆಂದರೆ, ಅಲ್ಲಿದ್ದೆನೆಂದು ನನಗೆ ಅನಿಸಿಬಿಟ್ಟಿದೆ.

ಸೊಲ್ಲಾಪುರದಿಂದ ಬರ್ಫದ ಗಡ್ಡೆಗಳು ಕಟ್ಟಿಗೆ ಹೊಟ್ಟಿನಲ್ಲಿ ಹುದುಗಿ, ಗೋಣಿಚೀಲದಲ್ಲಿ ರೈಲಿನಲ್ಲಿ ಬರುತ್ತಿದ್ದವು. ಅದನ್ನು ಕೊಡತಿಯಿಂದ ಒಡೆದು, ಕಟ್ಟಿಗೆಯ ಬಕೀಟಿನಲ್ಲಿ ಹಾಲಿನ ತಗಡಿನ ಡಬ್ಬಿಯ ಸುತ್ತ ತುಂಬಿ, ಮೇಲೆ ಬೊಗಸೆ ಬೊಗಸೆ ಹರಳುಪ್ಪು ಸುರಿದು, ಹಿಡಿಕೆ ತಿರುಗಿಸುತ್ತಿದ್ದರು. ಉಪ್ಪಿಲ್ಲದಿದ್ದರೆ ಬರ್ಫಕ್ಕೆ ಹಾಲನ್ನು ಗಟ್ಟಿ ಮಾಡುವಷ್ಟು ಥಂಡಿ ಬರುವುದಿಲ್ಲ. ಇದನ್ನೆಲ್ಲ ಅವರು ರಸ್ತೆಗೆ ಮುಖ ಮಾಡಿ, ಎಲ್ಲರೂ ನೋಡುವಂತೆ ಮಾಡುತ್ತಿದ್ದರು. ಅವರ ಕೇಡಿಗೆ ಕಾರಣವಾದದ್ದೂ ಅದೇ.

ನಮ್ಮ ಕಡೆ ಹಾಲಿಗೆ ಉಪ್ಪು ತಗಲಿಸಬಾರದು. ತಗಲಿಸಿದರೆ ಆ ಹಾಲು ಕೊಟ್ಟ ಎಮ್ಮೆಯ ಕೆಚ್ಚಲಿಗೆ ಕೇಡು, ಮನೆಯ ಹಾಲು-ಹಯನ ಹೋಗುತ್ತದೆ ಎಂದು ಎಲ್ಲ ಮನೆಗಳಲ್ಲೂ ನಂಬಿಕೆ. ನನ್ನ ತಾಯಿ ಹಾಲಿನ ಗಡಿಗೆಯನ್ನೂ ಉಪ್ಪಿನ ಡಬ್ಬಿಯನ್ನೂ ಗೋಡೆಯ ಒಂದೇ ಮಾಡದಲ್ಲಿ ಇಡುತ್ತಿರಲಿಲ್ಲ. ಹಾಗಾಗಿ ಕಾಕಾನ ಅಂಗಡಿಗೆ ಗುಮ್ಮಟ ನೋಡಲು ಬಂದ ಪರ ಊರಿನವರು, ವಕೀಲರು, ಅಧಿಕಾರಿಗಳು ಬರುತ್ತಿದ್ದರು. ಒಕ್ಕಲಿಗರು, ಪೇಟೆಯ ವ್ಯಾಪಾರಸ್ಥರು, ಅಂದರೆ ಅವರ ಸ್ವಂತ ಜನ, ರಸ್ತೆಯಲ್ಲಿ ನಿಂತು ನೋಡಿ ಹೋಗುತ್ತಿದ್ದರು. ಅದನ್ನಾದರೂ ಅವರು ಸಹಿಸಿದ್ದರು. ಒಂದು ದಿನ ಹಾಲೇ ನಿಂತಿತು.

ಅವರಿಗೆ ಹಾಲು ಬರುತ್ತಿದ್ದದ್ದು ಇಟ್ಟಂಗಿಹಾಳದಿಂದ. ತರುತ್ತಿದ್ದವಳು ಬಾಯಿ ಜೋರಿನ ಒಬ್ಬ ಹೆಣ್ಣುಮಗಳು. ಊರಿನ ನಾಲ್ಕಾರು ಮನೆಗಳ ಹಾಲು ಅವಳ ತಲೆಯ ಮೇಲೆಯೇ ಬರುತ್ತಿತ್ತು. ಅವಳು ಬರಿಗೈಲಿ ಬಂದು, ಇನ್ನು ಹಾಲಿಲ್ಲ ಎಂದು ಹೇಳಿದ ದಿನ ನಾನು ಬೆಂಚಿನ ಮೇಲಿದ್ದೆ.

"ಒಂದು ಎಮ್ಮಿ ಬತ್ತೇತಿ. ನಿನ್ನ ಉಪ್ಪಿಂದ ಅಂತಾರ ಊರಾಗ."

"ನಡುವ ತಗಡ ಐತಲ್ಲವಾ," ಎಂದು ಕಾಕಾ ಡಬ್ಬಿ ಎತ್ತಿ ತೋರಿಸಿದರು. "ಉಪ್ಪ ಹೊರಗ, ಹಾಲ ಒಳಗ. ಕೈ ಹಾಕಿ ನೋಡು."

"ತಗಡ ಐತಿ, ನೋಡೇನಿ. ಹಂಗಾರ ಥಂಡಿ ಹೆಂಗ ಒಳಗ ಹೋತು? ಥಂಡಿ ಹೋಗು ಹಾದ್ಯಾಗ ಉಪ್ಪಿಗೆ ಹೋಗಬ್ಯಾಡ ಅಂತ ಯಾರ ಅಂದಾರ?"

ಕಾಕಾ ನನ್ನ ಕಡೆ ನೋಡಿದರು. ನಾನು ಬಾಯಿ ತೆರೆದೆ. ಶಾಖ, ಲೋಹ, ಕರಗುವಿಕೆ ಎಂದು ಏನೇನೋ ಹೇಳಿದೆ. ಅವಳು ತಾಳ್ಮೆಯಿಂದ ಕೇಳಿ, "ಇವ್ರ ಯಾರ?" ಎಂದು ಕಾಕಾನನ್ನು ಕೇಳಿದಳು. "ಬಿ.ಎ. ಆಗ್ಯಾರ," ಎಂದರು ಕಾಕಾ. "ಹಂಗಾರ ಇವ್ರನ್ನ ಹಿಂಡ್ಕೋ," ಎಂದು ಎದ್ದು ಹೋದಳು.

ಆಗಲೇ ಅವರು ಕುಸುಬಿಗೆ ಇಳಿದದ್ದು. ಟಿಕೋಟಾದಿಂದ ಎಣ್ಣೆ ತೆಗೆಯುವ ಕುಸುಬಿ ಕಾಳು ತರಿಸಿ, ನೆನೆಹಾಕಿ, ರುಬ್ಬಿ, ಹಿಂಡಿ, ಹುಗ್ಗಿಗೆ ಹಾಕುವಂತೆ ಹಾಲು ತೆಗೆದು, ಬೆಲ್ಲ ಏಲಕ್ಕಿ ಹಾಕಿ ತಿರುಗಿಸಿದರು. ಕಾಳಿನ ಹಾಲಿಗೆ ಯಾವ ಎಮ್ಮೆಯ ಹಂಗೂ ಇಲ್ಲವಲ್ಲ. ಅಂಗಡಿಯ ಮುಂದೆ ನಿಂತು ಹೋಗುತ್ತಿದ್ದವರಲ್ಲಿ ಕೆಲವರು ಮೊದಲ ಸಲ ಒಳಗೆ ಬಂದು ಕೂತರು. ರುಚಿ ಚೆನ್ನಾಗಿತ್ತು, ಆದರೆ ಎಷ್ಟು ತಿರುಗಿಸಿದರೂ ಅದು ಹರಳು ಹರಳಾಗಿ ನಿಲ್ಲುತ್ತಿತ್ತೇ ಹೊರತು ನುಣ್ಣಗಾಗುತ್ತಿರಲಿಲ್ಲ. ವಕೀಲರು ಬರುವುದು ಬಿಟ್ಟರು.

"ಮಳಿಗಾಲದೊಳಗ ಹಾಲ ಬರಲಿಲ್ಲಂದ್ರ ಶೆಡ್ಡ ಬಿಚ್ತೀನ್ರಿ," ಎಂದರು ಒಂದು ಸಂಜೆ. "ಸೊಲ್ಲಾಪುರಕ್ಕ ಹೋಗಿ ಮತ್ತ ಕಪ್ಪ ತೊಳೀತೀನಿ. ಈ ವಯಸ್ನ್ಯಾಗ ಹುಡುಗರ ಕೈಯಾಗ ಲೇ ಅನಿಸ್ಕೊಂಡು."

"ಒಳಗ ಕುಂತು ಮಾಡ್ರಿ ಕಾಕಾ. ಉಪ್ಪ ಯಾರಿಗೂ ಕಾಣೂದ ಬ್ಯಾಡ."

"ಒಳಗ ಮಾಡಿದ್ರ, ಒಳಗ ಏನೋ ಮಾಡ್ತಾನ ಅಂತಾರ." ಬಕೀಟನ್ನು ರಸ್ತೆಯ ಕಡೆಗೇ ಎಳೆದುಕೊಂಡು, "ನಾ ಕಳುವ ಮಾಡಾಕತ್ತಿಲ್ಲಲ್ರಿ," ಎಂದರು.

ಬಬಲೇಶ್ವರದಿಂದ ಕರೆ ಬಂದದ್ದು ಇದಾದ ಮೇಲೆ. ಅಲ್ಲಿಯ ಗೌಡರೊಬ್ಬರು ಅಂಗಡಿಯಲ್ಲಿ ಒಮ್ಮೆ ತಿಂದಿದ್ದರು. ಮಗಳ ಮದುವೆಗೆ ಐಸ್‌ಕ್ರೀಮು ಬೇಕೆಂದರು. ಆದರೆ ಮನೆಯ ಯಜಮಾನಿಕೆ ಗೌಡರದಲ್ಲ, ಅವರ ತಾಯಿಯದು. ಊರೆಲ್ಲ ಆಕೆಯನ್ನು ಆಯಿ ಎನ್ನುತ್ತಿತ್ತು. ಆ ಮನೆಯಷ್ಟು ಎಮ್ಮೆಗಳು ಆ ಸೀಮೆಯಲ್ಲಿ ಯಾರಿಗೂ ಇರಲಿಲ್ಲ. ಹಯನದ ವಿಷಯದಲ್ಲಿ ಆಕೆಯ ಮಾತು ಸುತ್ತಲಿನ ಹಳ್ಳಿಗಳಿಗೆಲ್ಲ ಕೊನೆಯ ಮಾತು. ಆಕೆ ಒಂದೇ ಮಾತು ಹೇಳಿ ಕಳಿಸಿದ್ದಳು: ನನ್ನ ಹಾಲು, ನನ್ನ ಅಂಗಳ, ನನ್ನ ಕಣ್ಣ ಮುಂದೆ.

"ಆ ಮುದುಕಿ ಒಂದು ಬಟ್ಟಲ ತಿಂದ್ಲಂದ್ರ," ಎಂದರು ಕಾಕಾ, "ಇಟ್ಟಂಗಿಹಾಳದವ್ರು ಮರುದಿನ ಹಾಲ ತರ್ತಾರ. ತಿನ್ನಲಿಲ್ಲಂದ್ರ ಮಳಿಗಾಲದ ತನಕ ಕಾಯೂದೂ ಬ್ಯಾಡ." ನನ್ನನ್ನು ಜೊತೆಗೆ ಕರೆದರು. ಬೇಸಿಗೆ ರಜೆ, ನನಗೂ ಬೇರೆ ಕೆಲಸವಿರಲಿಲ್ಲ.

ಪೆಟ್ರೋಲು ಸಿಗದ ದಿನಗಳು. ಇದ್ದಿಲಿನ ಗ್ಯಾಸಿನ ಮೋಟಾರು ಕೆಮ್ಮುತ್ತ ನಡೆಯಿತು. ಬರ್ಫದ ಚೀಲಗಳು ಮೋಟಾರಿನ ಚಾವಣಿಯ ಮೇಲಿದ್ದವು. ಅರ್ಧ ಹಾದಿಯಲ್ಲಿ ಕರಗಿದ ನೀರು ಸಂದಿಯಿಂದ ಒಳಗೆ ತೊಟ್ಟಿಕ್ಕತೊಡಗಿತು. ನಮ್ಮ ಮುಂದೆ ಕೂತಿದ್ದ ಮುದುಕ ತಲೆ ಒರೆಸಿಕೊಂಡು ಕಿಟಕಿಯಿಂದ ಮುಗಿಲು ನೋಡಿ, "ಮಳಿ ಮೋಟಾರದಾಗ ಅಷ್ಟ ಬರಾಕತ್ತೇತಲ್ಲೋ," ಎಂದ. ಎಲ್ಲರೂ ನಕ್ಕರು. ಕಾಕಾ ನಗಲಿಲ್ಲ. ಒಂದೊಂದು ಹನಿ ಬಿದ್ದಾಗಲೂ ಮೇಲೆ ನೋಡುತ್ತಿದ್ದರು.

ಗೌಡರ ಅಂಗಳದಲ್ಲಿ ಹಂದರ ಹಾಕಿದ್ದರು. ಆಯಿ ಕಟ್ಟೆಯ ಮೇಲೆ ಕಂಬಳಿ ಹಾಸಿ ಕೂತಿದ್ದಳು, ಸಣ್ಣ ಮೈ, ದೊಡ್ಡ ಧ್ವನಿ. ಬೆಳಿಗ್ಗೆಯೇ ಕಾಸಿ ಆರಿಸಿದ ಹಾಲಿನ ಹಿತ್ತಾಳೆ ಕೊಡ ಪಕ್ಕದಲ್ಲಿತ್ತು.

"ಇದು ನಮ್ಮ ಹಿರೇ ಎಮ್ಮಿ ಹಾಲು," ಎಂದಳು. "ಇದನ್ನ ನಾ ಹೊರಗಿನವರಿಗೆ ಕೊಟ್ಟಾಕಿ ಅಲ್ಲ. ಒಂದು ಹರಳ ಉಪ್ಪ ತಗಲಿದ್ರ ನನಗ ಗೊತ್ತಾಗ್ತೈತಿ. ನಾಲಿಗಿ ಇನ್ನೂ ಮುದುಕಿ ಆಗಿಲ್ಲ."

"ತಗಲೂದಿಲ್ರಿ ಆಯಿ."

"ಎಲ್ಲಾರೂ ಹಂಗ ಅಂತಾರ. ಹೂಂ, ಮಾಡು."

ಕಾಕಾ ಮಾಡಿದರು. ಬೆಲ್ಲದ ಪಾಕ ಸೇರಿಸಿ ಡಬ್ಬಿ ಮುಚ್ಚಿ, ಬರ್ಫ ತುಂಬಿ, ಉಪ್ಪನ್ನು ಕೈ ಎತ್ತರಿಸಿ ಸುರಿದರು. ಸುತ್ತ ನಿಂತ ಹೆಂಗಸರಲ್ಲಿ ಒಂದು ಗುಜುಗುಜು ಎದ್ದಿತು. ಹಿಡಿಕೆ ಬಿಗಿಯಾದಾಗ ಬಕೀಟು ಕುಣಿಯದಂತೆ ಅದರ ಮೇಲೆ ಗೋಣಿ ಮಡಚಿ ಹಾಕಿ ನನ್ನನ್ನು ಕೂಡಿಸಿದರು. ನನ್ನ ಓದು ಉಪಯೋಗಕ್ಕೆ ಬಂತು ಎಂದು ಯಾರೋ ಅಂದರು. ಯಾರೆಂದು ನೆನಪಿಲ್ಲ, ಕಾಕಾನೇ ಇರಬೇಕು. ಅಂಡು ಮರಗಟ್ಟುವ ತನಕ ಕೂತೆ.

ಆಮೇಲೆ ಅವರು ಬರ್ಫವನ್ನು ಸರಿಸಿ, ಮುಚ್ಚಳವನ್ನು ವಸ್ತ್ರದಿಂದ ಒರೆಸಿ, ತೆರೆದರು. ಕಂದು ಬಣ್ಣದ್ದು, ನುಣ್ಣಗೆ, ನಾನು ಅವರ ಅಂಗಡಿಯಲ್ಲಿ ಎಂದೂ ಕಾಣದಷ್ಟು ಚಂದ ಬಂದಿತ್ತು. ಗಂಡಿನ ಕಡೆಯವರು ಬಟ್ಟಲು ಹಿಡಿದು ನಿಂತಿದ್ದರು. ಕಾಕಾ ಚಮಚದ ತುದಿಯಲ್ಲಿ ಒಂದಿಷ್ಟು ತೆಗೆದು ನಾಲಿಗೆಗೆ ಹಚ್ಚಿಕೊಂಡರು. ಬಾಯಿ ಮುಕ್ಕಳಿಸಿ, ಇನ್ನೊಂದು ಬದಿಯಿಂದ ತೆಗೆದು ನೋಡಿದರು. ಬಗ್ಗಿ ಬಕೀಟಿನ ಪಕ್ಕದ ತೂತಿಗೆ ಬೆರಳು ಹಾಕಿದರು. ಕರಗಿದ ನೀರು ಹೊರಗೆ ಹೋಗುವ ತೂತು ಅದು. ಬೆರಳಿಗೆ ಕಟ್ಟಿಗೆ ಹೊಟ್ಟಿನ ಮುದ್ದೆ ಬಂತು. ತೂತು ಕಟ್ಟಿ, ಉಪ್ಪುನೀರು ಮೇಲೇರಿ ಮುಚ್ಚಳದ ತನಕ ಬಂದಿತ್ತು.

ಏಲಕ್ಕಿ ಇತ್ತು, ಬೆಲ್ಲ ಇತ್ತು. ಇನ್ನಷ್ಟು ಹಾಕಿ ಕಲಸಿದ್ದರೆ ಮುಗಿಯುತ್ತಿತ್ತು. ನಾನು ಅವರ ಕೈಯನ್ನೇ ನೋಡುತ್ತಿದ್ದೆ. ಅವರು ಚಮಚ ಕೆಳಗಿಟ್ಟರು.

"ಆಯಿ," ಎಂದರು, ಎಲ್ಲರಿಗೂ ಕೇಳುವಂತೆ. "ಉಪ್ಪ ಒಳಗ ಹೋಗೇತ್ರಿ."

ಹಂದರ ಒಮ್ಮೆಲೇ ಗದ್ದಲವಾಯಿತು. ನಾ ಮೊದಲ ಹೇಳಿದ್ದೆ ಎಂದು ಮೂರು ಕಡೆಯಿಂದ ಕೇಳಿತು. ಗೌಡರು ಓಡಿ ಬಂದು ಹಲ್ಲು ಕಚ್ಚಿ, "ಲೇ, ಹೇಳೂದರ ಮೆಲ್ಲಕ ಹೇಳಬಾರದೇನು? ಬೀಗರು ನಿಂತಾರ," ಎಂದರು. ಕಾಕಾ ತಲೆ ತಗ್ಗಿಸಿಕೊಂಡು ಮಫ್ಲರು ಬಿಚ್ಚಿದರು. ಅದನ್ನು ಬಿಚ್ಚಿದ್ದನ್ನು ನಾನು ನೋಡಿದ್ದು ಅದೊಂದೇ ಸಲ. ಮುಖವೆಲ್ಲ ಬೆವರಿತ್ತು. ಕೆಳಗಿಟ್ಟ ಚಮಚವನ್ನು ನಾನು ಎತ್ತಿ, ಯಾರೂ ನೋಡದಂತೆ ನೆಕ್ಕಿದೆ. ನನ್ನ ನಾಲಿಗೆಗೆ ಉಪ್ಪು ಹತ್ತಲಿಲ್ಲ.

ಆಯಿ ಕಾಕಾನ ಮುಖ ನೋಡುತ್ತಿದ್ದಳು. ಆಮೇಲೆ ಮಗನಿಗೆ, "ನೀ ಸುಮ್ಮನಿರೋ," ಎಂದಳು. "ದಿನಾ ಉಪ್ಪ ಒಳಗ ಹೋಗ್ತಿದ್ರ, ಇವತ್ತ ಇವನ ಮಾರಿ ಹಿಂಗ ಆಗ್ತಿರಲಿಲ್ಲ."

ಉಪ್ಪು ಬಿದ್ದ ಹಾಲನ್ನು ಯಾರೂ ತುಳಿಯಬಾರದು, ದನಕ್ಕೂ ಹಾಕಬಾರದು. ಎಲ್ಲಿ ಸುರಿಯಲಿ ಎಂದು ಕಾಕಾ ಕೇಳಿದರು. ಆಕೆ ಹಿತ್ತಿಲಿನ ಬೇವಿನ ಗಿಡ ತೋರಿಸಿದಳು. ಅವರೇ ಡಬ್ಬಿ ಎತ್ತಿಕೊಂಡು ಹೋಗಿ, ಬೇರಿಗೆ ಸುರಿದು, ಮೇಲೆ ಮಣ್ಣು ಎಳೆದು ಬಂದರು.

"ಮತ್ತ ಮಾಡ್ತೀಯೇನು?" ಎಂದಳು ಆಯಿ.

"ಬರ್ಫ ಮುಗದೈತ್ರಿ."

"ಎಂದ ಬರ್ತೈತಿ?"

"ನಾಳೆ ಗಾಡಿಗ್ರಿ. ಆದ್ರ ನಾಳೆ ಮದವಿ ಮುಗದಿರ್ತೈತಿ."

"ಮುಗೀಲಿ. ನಾ ಎಲ್ಲಿ ಹೊಂಟೀನಿ?"

ಕಾಕಾ ಖಾಲಿ ಡಬ್ಬಿ ಕೆಳಗಿಟ್ಟು, "ಹಾಲ ಮತ್ತ ಕೊಡ್ತೀರೇನ್ರಿ?" ಎಂದರು.

"ಎಮ್ಮಿ ಕೊಡ್ತೈತಿ. ನಾ ಏನ ಕೊಡೂದು. ಊಟಾ ಮಾಡಿ ಹೋಗ್ರಿ ಇಬ್ಬರೂ."

ಸಂಜೆಯ ಮೋಟಾರಿನಲ್ಲಿ ನನ್ನ ತಲೆ ಆಗಲೇ ಕೆಲಸ ಶುರು ಮಾಡಿತ್ತು. ಉಪ್ಪು ಹೋಗಿತ್ತೇ? ಹೋಗಿರದಿದ್ದರೆ ಇದು ಅವರೇ ಹೂಡಿದ ಆಟವೇ, ಮುದುಕಿಯ ನಂಬಿಕೆ ಗಳಿಸಲು? ಅಷ್ಟು ಚತುರರು ಅವರು. ವಕೀಲರಿಗೆ ಹುಣಸೆಯನ್ನು ಮಾವೆಂದು ತಿನ್ನಿಸಿ ಕಳಿಸಿದವರು. ಆದರೆ ಆಯಿ ಆ ಮಾತು ಹೇಳುತ್ತಾಳೆಂದು ಅವರಿಗೆ ಹೇಗೆ ಗೊತ್ತಿರಬೇಕು? ಆಕೆ ಎದ್ದು ಒಳಗೆ ಹೋಗಿದ್ದರೆ ಆ ಗಳಿಗೆಗೇ ಅಂಗಡಿ ಮುಗಿಯುತ್ತಿತ್ತು. ಕೊನೆಗೆ ಹೇಳಿಬಿಟ್ಟೆ.

"ಕಾಕಾ, ನನಗ ಉಪ್ಪ ಹತ್ತಲಿಲ್ಲ."

ಅವರು ಸಿಟ್ಟಾಗಲಿಲ್ಲ. ಮಡಿಲಲ್ಲಿದ್ದ ಖಾಲಿ ಡಬ್ಬಿಯ ಅಂಚನ್ನು ಹೆಬ್ಬೆರಳಿನಿಂದ ಸವರುತ್ತ ಕೂತರು.

"ನನಗೂ ಈಗ ಅನುಮಾನ ಬರಾಕತ್ತೇತ್ರಿ," ಎಂದರು. "ಹತ್ತಿತೋ, ಹೆದರಿಕಿಗೆ ಹತ್ತಿದಂಗಾತೋ. ಎರಡನೇ ಸಲ ನೋಡಿದಾಗ ಇತ್ತು ಅನಸ್ತು. ತೂತ ಅಂತೂ ಕಟ್ಟಿತ್ತು."

"ಮತ್ತ? ಖಾತ್ರಿ ಇಲ್ಲದ ಎಲ್ಲಾ ಚಲ್ಲಿ ಬಂದ್ರಿ?"

"ಖಾತ್ರಿ ಇಲ್ಲಂತ ಚಲ್ಲಿದೆ. ಅನುಮಾನ ಇದ್ದದ್ದನ್ನ ಇನ್ನೊಬ್ಬರ ಬಾಯಾಗ ಹೆಂಗ ಇಡೂದ್ರಿ?"

ನಾನು ಪುಣೆಯಲ್ಲಿ ನಾಲ್ಕು ವರ್ಷ ಸಂಶಯಪಡುವುದನ್ನೇ ಕಲಿತವನು. ದೇವರು, ಆತ್ಮ, ಹೊರಗಿನ ಜಗತ್ತು ಎಲ್ಲವನ್ನೂ ಸಂಶಯಿಸಿ, ಮಧ್ಯಾಹ್ನ ಮೆಸ್ಸಿಗೆ ಹೋಗಿ ಉಣ್ಣುತ್ತಿದ್ದೆ. ಸಂಶಯ ಬಂದ ಕೂಡಲೇ ಏನನ್ನಾದರೂ ಮಾಡಬೇಕಾಗುತ್ತದೆ, ಎತ್ತಿಕೊಂಡು ಹೋಗಿ ಸುರಿದು ಬರಬೇಕಾಗುತ್ತದೆ ಎಂದು ನನಗೆ ಅಲ್ಲಿ ಯಾರೂ ಹೇಳಿರಲಿಲ್ಲ. ಈಗಲೂ ನಾನು ಅದನ್ನು ಹೆಚ್ಚೇನೂ ಮಾಡುತ್ತಿಲ್ಲ. ಅವರ ಜೊತೆ ಕಳೆದ ಆ ಒಂದೆರಡು ವರ್ಷದಲ್ಲಿ ಏನು ಕಲಿತೆ ಎಂದು ಯಾರಾದರೂ ಕೇಳಿದರೆ ಮಾತ್ರ, ಆ ಮೋಟಾರಿನ ಸೀಟು ನೆನಪಾಗುತ್ತದೆ.

ಮರುದಿನ ಅವರು ಒಬ್ಬರೇ ಬಬಲೇಶ್ವರಕ್ಕೆ ಹೋದರು. ಅಲ್ಲಿ ಏನಾಯಿತೆಂದು ಬಾಯಿ ಬಿಟ್ಟು ಹೇಳಲಿಲ್ಲ. ಕೇಳಿದರೆ "ಆತು" ಎನ್ನುತ್ತಿದ್ದರು. ನನಗೆ ತಿಳಿದದ್ದು ಅದೇ ವಾರದಲ್ಲಿ, ಒಂದು ಬೆಳಿಗ್ಗೆ. ಅಂಗಡಿಯ ಮುಂದೆ ಇಟ್ಟಂಗಿಹಾಳದ ಆ ಹೆಣ್ಣುಮಗಳು ತಲೆಯ ಮೇಲಿನ ಕೊಡ ಇಳಿಸುತ್ತಿದ್ದಳು, ಬಯ್ಯುತ್ತ.

"ಗೌಡರ ಆಯಿ ಎರಡ ಬಟ್ಟಲ ತಿಂದಾಳಂತ. ತಿಂದ್ರ ತಿಂದಾಳ. ಆಕೀ ಮನ್ಯಾಗ ನೂರ ಎಮ್ಮಿ, ಒಂದು ಬತ್ತಿದ್ರ ಆಕೀಗೇನು? ನಂದ ಇರೂದು ಒಂದ."

"ಏನೂ ಆಗೂದಿಲ್ಲವಾ."

"ಆದ್ರ?"

"ಆದ್ರ ಹೇಳು."

"ಹೇಳೂದಿಲ್ಲ. ತಂದು ನಿನ್ನ ಬಿಳೇ ಮೇಜಿಗೆ ಕಟ್ಟಿ ಹೋಗ್ತೀನಿ. ಅದಕ್ಕ ಹೊಟ್ಟ ಹಾಕೂದು, ಮೈ ತೊಳಿಯೂದು, ಸೆಗಣಿ ಬಳಿಯೂದು ಎಲ್ಲಾ ನೀನ."

"ಕಟ್ಟು," ಎಂದರು ಕಾಕಾ, ಮಫ್ಲರು ಬಿಗಿ ಮಾಡಿಕೊಳ್ಳುತ್ತ. "ಆದ್ರ ಅದಕ್ಕ ಮೊದಲ ಆ ಕೊಡ ಒಳಗ ಇಡು. ಬಿಸಲಾಗ ಐತಿ."

ಅವಳು ಒಂದು ಕ್ಷಣ ಕೊಡವನ್ನೂ, ಮೂಲೆಯಲ್ಲಿದ್ದ ಉಪ್ಪಿನ ಚೀಲವನ್ನೂ ನೋಡಿದಳು. ಆಮೇಲೆ ಕೊಡವನ್ನು ಎತ್ತಿಕೊಂಡು ಒಳಗೆ ಹೋಗಿ, ಚೀಲದಿಂದ ಎಷ್ಟು ದೂರ ಸಾಧ್ಯವೋ ಅಷ್ಟು ದೂರದಲ್ಲಿ, ಎದುರು ಗೋಡೆಗೆ ತಾಗಿಸಿ ಇಟ್ಟು ಬಂದಳು.